ಹೊಸ ಕಾರಿನ ಆರ್‌ಸಿ: ಶೋರೂಮಿನ ಕಂಪ್ಯೂಟರಿನಿಂದ ಸ್ಮಾರ್ಟ್‌ಕಾರ್ಡ್ ಕೈಸೇರುವವರೆಗೆ

ಹೊಸ ಕಾರಿನ ನೋಂದಣಿಗಾಗಿ ಕೊಂಡವರೇ ಆರ್‌ಟಿಒ ಕಚೇರಿಗೆ ಅಲೆಯುವ ಕಾಲ ಹೋಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಡೀಲರ್ ಇರುವ ರಾಜ್ಯದಲ್ಲೇ ಕಾರು ನೋಂದಣಿಯಾಗುವುದಾದರೆ ಅರ್ಜಿ ಹಾಕಬೇಕಾದವರು ಡೀಲರೇ. ಕಂಪನಿಯಿಂದ ಪೂರ್ತಿ ತಯಾರಾಗಿ ಬಂದ ಕಾರನ್ನು ಇನ್‌ಸ್ಪೆಕ್ಟರ್ ಕಣ್ಣಿಗೆ ತೋರಿಸಲೆಂದು ಕಚೇರಿಯ ಮೈದಾನದಲ್ಲಿ ಸಾಲು ನಿಲ್ಲಿಸುವ ಪದ್ಧತಿಯೂ ಕರ್ನಾಟಕದಲ್ಲಿ ನಿಂತಿದೆ. ದಾಖಲೆ ಏರಿಸುವುದು, ತೆರಿಗೆ ಕಟ್ಟುವುದು, ನಂಬರ್ ಪಡೆಯುವುದು ಎಲ್ಲವೂ ‘ವಾಹನ್’ ಎಂಬ ಕೇಂದ್ರದ ತಂತ್ರಾಂಶದಲ್ಲಿ, ಶೋರೂಮಿನ ಒಳಕೋಣೆಯಲ್ಲೇ ನಡೆದುಹೋಗುತ್ತವೆ.

ಅನುಕೂಲವೇನೋ ನಿಜ. ಆದರೆ ನಿಮ್ಮ ಹೆಸರಿನ ದಾಖಲೆಯನ್ನು ಬೇರೊಬ್ಬರು, ಅದೂ ದಿನಕ್ಕೆ ಹತ್ತಾರು ಅರ್ಜಿ ತುಂಬುವವರೊಬ್ಬರು, ಅವಸರದಲ್ಲಿ ಟೈಪ್ ಮಾಡುತ್ತಿರುತ್ತಾರೆ. ಆರ್‌ಸಿಯಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ. ಆರ್‌ಟಿಒ ಅನುಮೋದನೆಗೆ ಮೊದಲು ಸಿಕ್ಕರೆ ಅವನ್ನು ಒಂದು ನಿಮಿಷದಲ್ಲಿ ಸರಿಪಡಿಸಬಹುದು. ಅನುಮೋದನೆ ಆಗಿಹೋದ ಮೇಲೆ ಅದೇ ತಪ್ಪಿಗೆ ಅರ್ಜಿ, ಡೀಲರ್ ಪತ್ರ, ಗುರುತಿನ ಪ್ರತಿ, ಹೊಸ ಕಾರ್ಡಿನ ಶುಲ್ಕ ಎಲ್ಲ ಬೇಕು. ಅದಕ್ಕೇ ಈ ಕೆಲಸದಲ್ಲಿ ಮಾಲೀಕರು ಮಾಡಲೇಬೇಕಾದದ್ದು ಒಂದೇ: ಸಹಿ ಹಾಕುವ ಮುನ್ನ ಫಾರಂ 20 ಎಂಬ ನೋಂದಣಿ ಅರ್ಜಿಯ ಪ್ರಿಂಟ್ ಕೇಳಿ ತೆಗೆದುಕೊಂಡು ಅಕ್ಷರಕ್ಷರ ಓದುವುದು.

ಅರ್ಧ ಕಂಪನಿಯದ್ದು, ಅರ್ಧ ನಿಮ್ಮದು

ಆರ್‌ಸಿಯ ಮಾಹಿತಿ ಎರಡು ಕಡೆಯಿಂದ ಬರುತ್ತದೆ. ಕಾರಿನ ಕುರಿತಾದ ವಿವರ, ಅಂದರೆ ಚಾಸಿ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಇಂಧನ, ಸಿಸಿ, ಸೀಟುಗಳ ಸಂಖ್ಯೆ, ಖಾಲಿ ತೂಕ, ಬಿಎಸ್‌–6 ಎಂಬ ಹೊಗೆ ಮಾನದಂಡ, ಇವನ್ನು ಕಾರ್ಖಾನೆಯವರೇ ವಾಹನ್‌ಗೆ ಏರಿಸಿರುತ್ತಾರೆ. ಶೋರೂಮಿನವರು ಚಾಸಿ ಮತ್ತು ಎಂಜಿನ್ ನಂಬರ್ ಹಾಕಿದೊಡನೆ ಉಳಿದದ್ದೆಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಈ ಅರ್ಧದಲ್ಲಿ ತಪ್ಪು ಕಡಿಮೆ. ಇಲ್ಲಿ ಆಗುವ ಎಡವಟ್ಟು ಬೇರೆ ಬಗೆಯದು: ಒಂದೇ ಬಣ್ಣದ, ಒಂದೇ ಮಾದರಿಯ ಎರಡು ಕಾರು ಯಾರ್ಡಿನಲ್ಲಿ ನಿಂತಿದ್ದಾಗ ಕಾಗದ ಒಂದರದ್ದು, ಕೈಗೆ ಬಂದ ಕಾರು ಇನ್ನೊಂದು ಎಂಬಂತಾಗುವುದು.

ಹೆಸರು, ತಂದೆ ಅಥವಾ ಪತಿಯ ಹೆಸರು, ವಿಳಾಸ, ಮೊಬೈಲ್, ನಾಮಿನಿ, ಸಾಲ ಕೊಟ್ಟವರ ಹೆಸರು ಇವೆಲ್ಲ ಕೈಯಿಂದ ಟೈಪ್ ಮಾಡುವಂಥವು. ತಲೆನೋವೆಲ್ಲ ಇರುವುದು ಈ ಅರ್ಧದಲ್ಲಿ.

ಬೇಕಾಗುವ ಕಾಗದಗಳು

ಮುಖ್ಯವಾದವು ಮೂರು ಫಾರಂಗಳು. ಫಾರಂ 20 ನೋಂದಣಿಯ ಅರ್ಜಿ. ಫಾರಂ 21 ಡೀಲರ್ ಕೊಡುವ ಮಾರಾಟ ಪತ್ರ. ಈ ಕಾರನ್ನು ಇಂಥವರಿಗೆ, ಇಂಥ ದಿನ ಮಾರಿದ್ದೇವೆ ಎಂಬುದಕ್ಕೆ ಪುರಾವೆ. ಫಾರಂ 22 ತಯಾರಕರದ್ದು. ಕಾರು ಹೊಗೆ ಮತ್ತು ಸುರಕ್ಷತೆಯ ಮಾನದಂಡಕ್ಕೆ ತಕ್ಕಂತಿದೆ, ರಸ್ತೆಗೆ ಇಳಿಯಲು ಯೋಗ್ಯ ಎಂದು ಅವರು ಬರೆದುಕೊಟ್ಟಿರುತ್ತಾರೆ. ಇವುಗಳ ಜೊತೆಗೆ ಕಾರಿನ ಇನ್‌ವಾಯ್ಸ್, ವಿಮೆ, ವಿಳಾಸದ ದಾಖಲೆ, ಪ್ಯಾನ್, ಫೋಟೊ. ಸಾಲವಿದ್ದರೆ ಫಾರಂ 20ರಲ್ಲೇ ಬ್ಯಾಂಕಿನ ಹೆಸರು ಬರುತ್ತದೆ, ಅವರ ಸಹಿಯೂ ಬೇಕಾಗುತ್ತದೆ.

ವಿಮೆಯ ವಿಷಯದಲ್ಲಿ ಒಂದು ಮಾತು. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದಂತೆ, ಹೊಸ ಕಾರಿಗೆ ಕನಿಷ್ಠ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಕಾರಿನ ಸ್ವಂತ ಹಾನಿಗೆ ಮಾಡಿಸುವ ವಿಮೆ ಒಂದು ವರ್ಷದ್ದೂ ಇರಬಹುದು. ವಿಮೆಯನ್ನು ಶೋರೂಮಿನಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಹೊರಗೆ ಕೊಂಡರೆ ಪಾಲಿಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಮತ್ತು ಹೆಸರು ಇನ್‌ವಾಯ್ಸ್‌ನಲ್ಲಿ ಇರುವಂತೆಯೇ ಇವೆಯೇ ನೋಡಿ. ಒಂದಕ್ಷರ ಬೇರೆಯಾದರೂ ಅರ್ಜಿ ವಾಪಸ್ ಬರುತ್ತದೆ.

ಬೆಂಗಳೂರಿಗೆ ಕೆಲಸಕ್ಕೆ ಬಂದವರ ಆಧಾರ್‌ನಲ್ಲಿ ಊರಿನ ವಿಳಾಸವೇ ಇರುವುದು ಸಾಮಾನ್ಯ. ಹಾವೇರಿಯ ವಿಳಾಸ ಕೊಟ್ಟರೆ ಶೋರೂಮಿನವರು ಹಾವೇರಿ ಕಚೇರಿಯ ನಂಬರ್ ತರಲು ನೋಡುತ್ತಾರೆ. ರಾಜ್ಯದ ಯಾವ ನೋಂದಣಿ ಪ್ರಾಧಿಕಾರದಲ್ಲಾದರೂ ನೋಂದಣಿ ಮಾಡಿಸಬಹುದೆಂದು 2019ರ ತಿದ್ದುಪಡಿ ಹೇಳುತ್ತದಾದರೂ ಡೀಲರ್‌ಗಳು ಸಾಮಾನ್ಯವಾಗಿ ವಿಳಾಸದ ವ್ಯಾಪ್ತಿಯ ಕಚೇರಿಗೇ ಅರ್ಜಿ ಕಳಿಸುತ್ತಾರೆ. ಹೀಗಾಗಿ ಜಯನಗರದವರಿಗೆ ಕೆಎ–05, ಯಶವಂತಪುರದವರಿಗೆ ಕೆಎ–04, ಕೆ.ಆರ್. ಪುರದವರಿಗೆ ಕೆಎ–53. ನಂಬರಿನ ಮೇಲೆ ಯಾವ ಊರಿನ ಗುರುತು ಇದ್ದರೂ ಕಾರನ್ನು ರಾಜ್ಯದಲ್ಲೆಲ್ಲ ಓಡಿಸಬಹುದು. ಕಷ್ಟವೆಂದರೆ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಹೋಗುವುದು ಆ ವಿಳಾಸಕ್ಕೆ. ಮುಂದೆ ಮಾಲೀಕತ್ವ ವರ್ಗಾವಣೆಗೋ ಸಾಲದ ನಮೂದು ತೆಗೆಸುವುದಕ್ಕೋ ಕಚೇರಿಯ ಕೆಲಸ ಬಿದ್ದರೆ ಅದೂ ಆ ಊರಿನ ಕಚೇರಿಯಲ್ಲೇ. ಬೆಂಗಳೂರಿನ ವಿಳಾಸದಲ್ಲಿ ಬೇಕೆಂದರೆ ಆಧಾರ್ ವಿಳಾಸವನ್ನು ಕಾರು ಬುಕ್ ಮಾಡುವಾಗಲೇ ಬದಲಿಸಿಕೊಳ್ಳುವುದು ಸುಲಭದ ದಾರಿ.

ಫಾರಂ 20 ಓದುವ ಬಗೆ

ಮೊದಲು ಹೆಸರು. ನಮ್ಮ ಕಡೆ ಇನಿಷಿಯಲ್‌ನದೇ ದೊಡ್ಡ ಗೋಳು. ಆಧಾರ್‌ನಲ್ಲಿ ‘ರಮೇಶ ಕೆ ಎಸ್’ ಇರುತ್ತದೆ, ಪ್ಯಾನ್‌ನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿಕೊಂಡು ‘ಕಡೂರು ಶ್ರೀನಿವಾಸ ರಮೇಶ’ ಆಗಿರುತ್ತದೆ, ಬ್ಯಾಂಕಿನ ಸಾಲಪತ್ರದಲ್ಲಿ ‘ಕೆ ಎಸ್ ರಮೇಶ’. ಮೂರೂ ಒಬ್ಬರೇ ಎಂದು ಮನುಷ್ಯರಿಗೆ ಗೊತ್ತಾಗುತ್ತದೆ, ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಆರ್‌ಸಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಹಿಂದೆಯೋ ಮುಂದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ ಎಂಬುದನ್ನೂ ನೋಡಿ. ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಸರ್ಕಾರಿ ಆ್ಯಪ್ ಡಿಜಿಲಾಕರ್, ಆರ್‌ಸಿಯನ್ನು ಎಳೆದುಕೊಳ್ಳುವಾಗ ಆಧಾರ್ ಹೆಸರಿನೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ‘ದಾಖಲೆ ಸಿಗಲಿಲ್ಲ’ ಎಂಬಂಥ ಉತ್ತರ ಬರುತ್ತದೆ, ಕಾರಣ ಹೇಳುವುದಿಲ್ಲ. ಹೊಸ ಕಾರಿನವರು ಡಿಜಿಲಾಕರ್ ಕೆಟ್ಟಿದೆ ಎಂದು ಬೈದುಕೊಳ್ಳುವುದು ಈ ಕಾರಣಕ್ಕೆ.

ಮೊಬೈಲ್ ನಂಬರ್ ಎರಡನೆಯದು. ಒಟಿಪಿಗಾಗಿ ಮಾಲೀಕರಿಗೆ ಮತ್ತೆ ಮತ್ತೆ ಫೋನ್ ಮಾಡುವ ರೇಜಿಗೆ ಬೇಡವೆಂದು ಕೆಲವು ಶೋರೂಮುಗಳಲ್ಲಿ ತಮ್ಮ ಸಿಬ್ಬಂದಿಯ ನಂಬರನ್ನೇ ಹಾಕಿಬಿಡುತ್ತಾರೆ. ಅಲ್ಲಿಂದಾಚೆ ನಿಮ್ಮ ಕಾರಿನ ದಂಡದ ಚಲನ್ ಸಂದೇಶ ಹೋಗುವುದು ಅವರಿಗೆ. ವಾಹನ್‌ನಲ್ಲಿ ಮುಂದೆ ನೀವು ಮಾಡಬೇಕಾದ ಪ್ರತಿ ಕೆಲಸದ ಒಟಿಪಿಯೂ ಅವರಿಗೇ ಹೋಗುತ್ತದೆ. ಆತ ಕೆಲಸ ಬಿಟ್ಟು ಹೋಗಿದ್ದರೆ ಮುಗಿಯಿತು. ಮೊಬೈಲ್ ಬದಲಿಸುವ ಸೌಲಭ್ಯ ಪರಿವಾಹನ್ ಜಾಲತಾಣದಲ್ಲಿ ಇದೆ. ಆದರೆ ಇಲ್ಲದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವುದೇಕೆ?

ವಿಳಾಸ. ಬೆಂಗಳೂರಿನ ‘3ನೇ ಕ್ರಾಸ್, 7ನೇ ಮೇನ್, 2ನೇ ಹಂತ, 4ನೇ ಬ್ಲಾಕ್’ ಎಂಬ ಸಾಲಿನಲ್ಲಿ ಕ್ರಾಸ್ ಮತ್ತು ಮೇನ್ ಅದಲುಬದಲಾದರೆ ಸ್ಪೀಡ್ ಪೋಸ್ಟ್ ತಿರುಗಿ ಹೋಗುತ್ತದೆ. ಅಪಾರ್ಟ್‌ಮೆಂಟ್ ಆದರೆ ಫ್ಲಾಟ್ ನಂಬರ್ ಮತ್ತು ಬ್ಲಾಕ್ ಬಿಟ್ಟುಹೋಗದಂತೆ ನೋಡಿ. ಒಂದೊಂದು ಚೌಕಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇರುವುದರಿಂದ ಉದ್ದದ ವಿಳಾಸದ ಬಾಲ ಕತ್ತರಿಸಿಹೋಗುವುದುಂಟು. ಪಿನ್‌ಕೋಡ್ ಸರಿ ಇರಲಿ.

ನಾಮಿನಿಯ ಚೌಕವನ್ನು ಹೆಚ್ಚಿನ ಕಡೆ ಖಾಲಿ ಬಿಡುತ್ತಾರೆ. ಆರ್‌ಸಿಯಲ್ಲಿ ನಾಮಿನಿ ನಮೂದಿಸುವ ಅವಕಾಶ 2021ರಿಂದ ಇದೆ. ಮಾಲೀಕರು ತೀರಿಕೊಂಡರೆ ನಾಮಿನಿ 30 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಿ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ನಾಮಿನಿ ಇಲ್ಲದಿದ್ದರೆ ವಾರಸುದಾರರು ಯಾರೆಂಬ ಪ್ರಶ್ನೆಯಿಂದಲೇ ಶುರು. ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಎಂದೆಲ್ಲ ಬೆಳೆಯುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಆರ್‌ಸಿ ಮಾಡಿಸುತ್ತೇವೆ ಎಂದು ಕೆಲವರು ಕೇಳುವುದುಂಟು. ಮನೆಯ ಪತ್ರದಂತೆ ಕಾರಿಗೆ ಜಂಟಿ ಮಾಲೀಕತ್ವ ನಡೆಯುವುದಿಲ್ಲ, ಹಾಗಾಗಿ ಒಬ್ಬರು ಮಾಲೀಕರು, ಇನ್ನೊಬ್ಬರು ನಾಮಿನಿ ಎಂದು ಮಾಡುವುದೇ ಸರಿ.

ಮಾಲೀಕತ್ವದ ಬಗೆ ಎಂಬ ಚೌಕದಲ್ಲಿ ಮಾಮೂಲಿಯಾಗಿ ‘ವೈಯಕ್ತಿಕ’ ಎಂದಿರುತ್ತದೆ. ಅಂಗವಿಕಲರ ರಿಯಾಯಿತಿಯಲ್ಲಿ ಕಾರು ಕೊಂಡವರು ಮಾತ್ರ ಇದನ್ನು ಕಣ್ಣಿಟ್ಟು ನೋಡಬೇಕು; 2020ರ ತಿದ್ದುಪಡಿಯಿಂದ ಜಿಎಸ್‌ಟಿ ರಿಯಾಯಿತಿ ಪಡೆದದ್ದು, ಪಡೆಯದ್ದು ಎಂದು ಬೇರೆ ಬೇರೆ ನಮೂದುಗಳಿವೆ.

ಕೊನೆಗೆ ಸಾಲದ ನಮೂದು. ಬ್ಯಾಂಕಿನ ಹೆಸರು ತಪ್ಪಿದರೆ, ಅಥವಾ ನಗದು ಕೊಟ್ಟು ಕೊಂಡ ಕಾರಿಗೆ ಅಕಸ್ಮಾತ್ ಯಾವುದೋ ಫೈನಾನ್ಸ್ ಹೆಸರು ಸೇರಿಕೊಂಡರೆ, ಆ ಸಂಸ್ಥೆಯ ಪತ್ರವಿಲ್ಲದೆ ತೆಗೆಸುವುದು ಕಷ್ಟ. ನಿಮಗೆ ಸಾಲವನ್ನೇ ಕೊಡದ ಸಂಸ್ಥೆ ‘ಸಾಲ ತೀರಿದೆ’ ಎಂದು ಹೇಗೆ ಬರೆದುಕೊಟ್ಟೀತು?

ಚಾಸಿ ನಂಬರ್ ಕಣ್ಣಾರೆ ನೋಡಿ

ಹಣ ಪೂರ್ತಿ ಕಟ್ಟುವ ಮುನ್ನ ಕಾರಿನ ಪಕ್ಕ ನಿಂತು ಮಾಡುವ ಕೆಲಸವಿದು. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಇದರಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು. ಕಾಗದದಲ್ಲಿ ಎಲ್ಲಾದರೂ ‘ಓ’ ಎಂದು ಟೈಪ್ ಆಗಿದ್ದರೆ ಅದು ಸೊನ್ನೆಯಾಗಬೇಕಿತ್ತು ಎಂದೇ ಅರ್ಥ. ಮೊದಲ ಮೂರು ಅಕ್ಷರ ತಯಾರಕರ ಗುರುತು: ಮಾರುತಿಯದ್ದು ‘ಎಂಎ3’, ಹ್ಯುಂಡೈನದು ‘ಎಂಎಎಲ್’, ಟಾಟಾದ್ದು ‘ಎಂಎಟಿ’, ಮಹೀಂದ್ರದ್ದು ‘ಎಂಎ1’.

ಈ ನಂಬರನ್ನು ಲೋಹದ ಮೇಲೆ ಕೊರೆದಿರುತ್ತಾರೆ. ಜಾಗ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೆಲವದರಲ್ಲಿ ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ, ಕೆಲವದರಲ್ಲಿ ಮುಂದಿನ ಸೀಟಿನ ಬುಡದಲ್ಲಿ ಕಾರ್ಪೆಟ್ಟಿಗೆ ಹಾಕಿದ ಸಣ್ಣ ಮುಚ್ಚಳದ ಅಡಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಮಾಡುವ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ, ಅವರೇ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವವರು. ಕೊರೆದ ನಂಬರ್, ಇನ್‌ವಾಯ್ಸ್, ಫಾರಂ 21, ಫಾರಂ 22, ವಿಮೆ ಐದೂ ಒಂದೇ ಇರಬೇಕು. ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಡಿಜಿಲಾಕರ್‌ಗೆ ಬೇಕಾಗುತ್ತದೆ.

ತಯಾರಾದ ತಿಂಗಳನ್ನೂ ಇದೇ ಹೊತ್ತಿನಲ್ಲಿ ನೋಡಿ. ಜನವರಿಯಲ್ಲಿ ಕೊಂಡ ಕಾರು ಹಿಂದಿನ ವರ್ಷದ ಸ್ಟಾಕ್ ಆಗಿರುವುದು ಅಪರೂಪವೇನಲ್ಲ. ಆರ್‌ಸಿಯಲ್ಲಿ ನೋಂದಣಿ ದಿನಾಂಕ, ತಯಾರಿಕೆಯ ತಿಂಗಳು ಎರಡೂ ಬರುತ್ತವೆ. ಮಾರುವಾಗ ಕೊಳ್ಳುವವರು ನೋಡುವುದು ತಯಾರಿಕೆಯ ವರ್ಷವನ್ನು.

ತೆರಿಗೆಯ ಲೆಕ್ಕ

ಆನ್‌ರೋಡ್ ಬೆಲೆಯಲ್ಲಿ ‘ಆರ್‌ಟಿಒ’ ಎಂದು ಒಂದೇ ಸಾಲಿನಲ್ಲಿ ಬರೆದ ಮೊತ್ತ ಕಂಡರೆ ಬಿಡಿಸಿ ಕೊಡಲು ಹೇಳಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಬೆಲೆಯ ಮೇಲೆ ನಿಂತಿದೆ: 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆಂದು ಹೊಸ ಕಾರಿಗೆ 1,000 ರೂಪಾಯಿ ಬೇರೆ. ದೇಶದಲ್ಲೇ ಹೆಚ್ಚು ತೆರಿಗೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ.

12 ಲಕ್ಷದ ಕಾರು ತೆಗೆದುಕೊಳ್ಳೋಣ. ಶೇ 17 ಅಂದರೆ 2,04,000. ಅದರ ಮೇಲೆ ಶೇ 11, 22,440. ಒಟ್ಟು 2,26,440. ಇದಕ್ಕೆ ಕಲ್ಯಾಣ ಸೆಸ್ 1,000, ನೋಂದಣಿ ಶುಲ್ಕ 600, ಸ್ಮಾರ್ಟ್‌ಕಾರ್ಡಿಗೆ 200, ಸಾಲವಿದ್ದರೆ ಅದರ ನಮೂದಿಗೆ 1,500. ಎಲ್ಲ ಸೇರಿ 2,29,740. ಇದರ ಮೇಲೆ ಅಂಚೆ ವೆಚ್ಚದಂಥ ಚಿಲ್ಲರೆ ಬಾಬತ್ತು ಇರಬಹುದು. ನಿಮ್ಮ ಕೊಟೇಶನ್ನಿನಲ್ಲಿ ಮೊತ್ತ ಇದಕ್ಕಿಂತ ಎಂಟು ಹತ್ತು ಸಾವಿರ ಮೇಲಿದ್ದರೆ ಆ ಹೆಚ್ಚುವರಿ ಸರ್ಕಾರಕ್ಕೆ ಹೋಗುವುದಿಲ್ಲ. ತೆರಿಗೆ ಕಟ್ಟಿದ ರಸೀದಿ ವಾಹನ್‌ನಿಂದ ನಿಮ್ಮ ಹೆಸರಲ್ಲೇ ಬರುತ್ತದೆ. ಅದನ್ನು ಕೇಳಿ ಪಡೆದು ಶೋರೂಮಿನ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಆದಾಯ ತೆರಿಗೆಯಲ್ಲಿ ಹಂತ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಕಾರಿನ ತೆರಿಗೆಯಲ್ಲಿ ಹಾಗಲ್ಲ, ಹಂತ ದಾಟಿದರೆ ಪೂರ್ತಿ ಬೆಲೆಗೇ ಹೊಸ ದರ. 9,90,000 ರೂಪಾಯಿಯ ಕಾರಿಗೆ ತೆರಿಗೆ ಮತ್ತು ಸೆಸ್ ಸೇರಿ 1,53,846. ಬೆಲೆ 20 ಸಾವಿರ ಹೆಚ್ಚಾಗಿ 10,10,000 ಆದರೆ ತೆರಿಗೆ 1,90,587. ಅಂದರೆ 20 ಸಾವಿರದ ಮೇಲ್ಮಾದರಿಗೆ 36,741 ರೂಪಾಯಿ ಹೆಚ್ಚಿನ ತೆರಿಗೆ. 10 ಲಕ್ಷ ದಾಟಿದೊಡನೆ ಶೇ 1 ಟಿಸಿಎಸ್ ಕೂಡ ಇನ್‌ವಾಯ್ಸ್‌ಗೆ ಸೇರುತ್ತದೆ. ಟಿಸಿಎಸ್ ಆರ್‌ಟಿಒ ಶುಲ್ಕವಲ್ಲ. ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗುವ ಮುಂಗಡ ಆದಾಯ ತೆರಿಗೆ, ರಿಟರ್ನ್ಸ್ ಸಲ್ಲಿಸುವಾಗ ಸರಿಹೊಂದಿಸಿಕೊಳ್ಳಬಹುದು. ಪ್ಯಾನ್ ತಪ್ಪಾಗಿ ಟೈಪ್ ಆದರೆ ಅದು ಇನ್ನಾರದೋ ಲೆಕ್ಕಕ್ಕೆ ಹೋಗುತ್ತದೆ.

ಮ್ಯಾಟ್, ಸೀಟ್ ಕವರ್, ಎಕ್ಸ್‌ಟೆಂಡೆಡ್ ವಾರಂಟಿ ಇವು ಬೇರೆ ಬಿಲ್ಲಿನಲ್ಲಿರಲಿ. ಕಾರಿನ ಇನ್‌ವಾಯ್ಸ್‌ನೊಳಗೆ ಸೇರಿಕೊಂಡರೆ ಅವಕ್ಕೂ ತೆರಿಗೆ ಬೀಳುವ ಅಪಾಯ ಇದೆ, ಹಂತದ ಅಂಚಿನಲ್ಲಿರುವ ಕಾರಾದರೆ ದರವೇ ಮೇಲೇರಬಹುದು. ವಿದ್ಯುತ್ ಕಾರುಗಳ ಕತೆ ಬೇರೆ. ಬಹುಕಾಲ ಅವಕ್ಕೆ ತೆರಿಗೆಯೇ ಇರಲಿಲ್ಲ. 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ 10 ಬಂತು. ಈ ನೀತಿ ಬದಲಾಗುತ್ತಲೇ ಇರುವುದರಿಂದ ಕೊಳ್ಳುವ ತಿಂಗಳಿನ ದರವನ್ನೇ ಕೇಳಿ ತಿಳಿಯಬೇಕು.

ನಂಬರ್, ಪ್ಲೇಟು, ಮುಹೂರ್ತ

ತೆರಿಗೆ ಕಟ್ಟಿ ದಾಖಲೆ ಏರಿಸಿದ ಮೇಲೆ ಚಾಲ್ತಿಯಲ್ಲಿರುವ ಸರಣಿಯಿಂದ ನಂಬರ್ ಬರುತ್ತದೆ. ಕೂಡಿದರೆ 8 ಬರಬಾರದು ಎಂಬವರು ಬಹಳ ಮಂದಿ. ಶೋರೂಮಿನವರು ಅದಕ್ಕೇನೂ ಮಾಡಲಾರರು. ಇಷ್ಟದ ನಂಬರ್ ಬೇಕೆಂದರೆ ಇಲಾಖೆಗೆ ಪ್ರತ್ಯೇಕ ಹಣ ಕಟ್ಟುವ ದಾರಿ, ಫ್ಯಾನ್ಸಿ ನಂಬರಾದರೆ ಹರಾಜು. ಅದು ಮುಗಿಯುವತನಕ ನೋಂದಣಿ ನಿಲ್ಲುತ್ತದೆ, ಹಾಗಾಗಿ ಬುಕಿಂಗ್ ದಿನವೇ ಹೇಳಿರಬೇಕು.

ನಂಬರ್ ಬಂದ ನಂತರ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟು. 2019ರ ಏಪ್ರಿಲ್ 1ರಿಂದ ಹೊಸ ವಾಹನಕ್ಕೆ ಡೀಲರೇ ಇದನ್ನು ಹಾಕಿಕೊಡಬೇಕು, ಪ್ರತ್ಯೇಕವಾಗಿ ಬುಕ್ ಮಾಡುವ ಕೆಲಸವಿಲ್ಲ. ಅಲ್ಯೂಮಿನಿಯಂ ಪ್ಲೇಟಿನ ಎಡ ಮೇಲ್ಭಾಗದಲ್ಲಿ ಅಶೋಕ ಚಕ್ರದ ಹೋಲೋಗ್ರಾಂ, ಎಡ ಕೆಳಮೂಲೆಯಲ್ಲಿ ಲೇಸರ್‌ನಲ್ಲಿ ಕೊರೆದ ಹತ್ತು ಅಕ್ಷರದ ಸಂಕೇತ. ಮುಂದಿನ ಪ್ಲೇಟಿನದ್ದು ಒಂದು, ಹಿಂದಿನದ್ದು ಇನ್ನೊಂದು. ಎರಡೂ ಸಂಕೇತ ಮುಂದಿನ ಗಾಜಿಗೆ ಒಳಗಿನಿಂದ ಅಂಟಿಸುವ ಸ್ಟಿಕ್ಕರಿನಲ್ಲಿ ಅಚ್ಚಾಗಿರುತ್ತವೆ. ಬಗ್ಗಿ ಓದಿ ತಾಳೆ ನೋಡಲು ಅರ್ಧ ನಿಮಿಷ ಸಾಕು. ಆ ಸ್ಟಿಕ್ಕರ್ ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ, ಬಿಎಸ್‌–6 ಕಾರಾದರೆ ಮೇಲಂಚಿನಲ್ಲಿ ಹಸಿರು ಪಟ್ಟಿ.

ಪ್ಲೇಟಿನ ಸಂಕೇತಗಳನ್ನು ವಾಹನ್‌ಗೆ ಏರಿಸದ ಹೊರತು ಆರ್‌ಸಿ ಮುದ್ರಣಕ್ಕೆ ಹೋಗುವುದಿಲ್ಲ. ‘ನಂಬರ್ ಬಂದು ತಿಂಗಳಾಯಿತು, ಕಾರ್ಡ್ ಬಂದಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಪ್ಲೇಟು ಹಾಕಿರುತ್ತಾರೆ, ಸಂಕೇತ ಏರಿಸುವುದು ಮರೆತಿರುತ್ತಾರೆ. ಆರ್‌ಟಿಒ ಕಚೇರಿಗೆ ಓಡುವ ಮುನ್ನ ಶೋರೂಮಿಗೆ ಈ ಪ್ರಶ್ನೆ ಹಾಕಿ.

ಇನ್ನು ಡೆಲಿವರಿ. ನಂಬರ್ ಪ್ಲೇಟು ಕಾರಿನ ಮೇಲೆ ಬರುವತನಕ ಡೀಲರ್ ಕಾರು ಕೊಡುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಆಷಾಢವಿಡೀ ಖಾಲಿ ಹೊಡೆದ ಶೋರೂಮಿಗೆ ಶ್ರಾವಣ ಬಂದೊಡನೆ, ಅದರಲ್ಲೂ ವರಮಹಾಲಕ್ಷ್ಮಿ, ಗಣೇಶ ಚೌತಿ, ಆಯುಧಪೂಜೆಯ ದಿನಗಳಲ್ಲಿ, ಎಲ್ಲರಿಗೂ ಒಂದೇ ಮುಹೂರ್ತಕ್ಕೆ ಕಾರು ಬೇಕು. ಆಗ ‘ಪೂಜೆಗೆ ತಗೊಂಡು ಹೋಗಿ, ನಂಬರ್ ಆಮೇಲೆ ಹಾಕೋಣ’ ಎಂಬ ಮಾತು ಬರುತ್ತದೆ. ಒಪ್ಪಬೇಡಿ. ನೋಂದಣಿ ಇಲ್ಲದೆ ಓಡಿಸಿದರೆ ಕಾಯ್ದೆಯ 192ನೇ ಕಲಂ ಪ್ರಕಾರ ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿ ದಂಡ. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಪಂಜಾಬಿನಲ್ಲಿ ಕೊಂಡ ಹೊಸ ಬೊಲೆರೊ ಒಂದು 2011ರಲ್ಲಿ ಜೋಧಪುರದ ಅತಿಥಿಗೃಹದ ಹೊರಗಿನಿಂದ ಕಳವಾಯಿತು. ವಿಮೆ ಚಾಲ್ತಿಯಲ್ಲೇ ಇತ್ತು, ತಾತ್ಕಾಲಿಕ ನೋಂದಣಿ ಮಾತ್ರ ಕೆಲವೇ ದಿನದ ಹಿಂದೆ ಮುಗಿದಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ತೀರ್ಪಿತ್ತಿತು. ನೋಂದಣಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ವಾಹನ ಬಳಸುವುದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಎಂಬುದು ಕಾರಣ.

ಮುಹೂರ್ತ ಬೇಡವೆಂದಲ್ಲ. ಹಣ, ಕಾಗದ, ವಿಮೆ ಎಲ್ಲವನ್ನೂ ಮುಹೂರ್ತಕ್ಕೆ ಒಂದು ವಾರ ಮುಂಚೆ ಮುಗಿಸಿದರೆ ನಂಬರ್ ಪ್ಲೇಟಿನ ಸಮೇತವೇ ನಿಂಬೆಹಣ್ಣು ತುಳಿಸಬಹುದು. ಬ್ಯಾಂಕ್ ಸಾಲ ಬಿಡುಗಡೆಯಾಗುವುದು ಹಿಂದಿನ ಸಂಜೆ ಎಂದಾದರೆ ಯಾವ ಶೋರೂಮೂ ಏನೂ ಮಾಡಲಾರದು.

ಹೊರ ರಾಜ್ಯದಲ್ಲಿ ಕೊಂಡರೆ, ಬಿಎಚ್ ಬೇಕೆಂದರೆ

ಹೊಸೂರಿನಲ್ಲೋ ಕಾಸರಗೋಡಿನಲ್ಲೋ ಗೋವಾದಲ್ಲೋ ಕೊಂಡು ಕರ್ನಾಟಕದಲ್ಲಿ ನೋಂದಣಿ ಮಾಡಿಸುವುದಾದರೆ ಅಲ್ಲಿನ ಡೀಲರ್ ತಾತ್ಕಾಲಿಕ ನೋಂದಣಿ ಮಾಡಿಸಿ ಕೊಡುತ್ತಾರೆ. ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರ ಅದರ ಗುರುತು. ಅವಧಿ ಮುಗಿಯುವುದರೊಳಗೆ ಇಲ್ಲಿನ ಕಚೇರಿಗೆ ಕಾರು ಸಮೇತ ಹೋಗಿ, ಇಲ್ಲಿನ ದರದಲ್ಲೇ ಜೀವಾವಧಿ ತೆರಿಗೆ ಕಟ್ಟಬೇಕು. ಡೀಲರ್ ಮಾಡುವ ಕೆಲಸವೆಲ್ಲ ಆಗ ನಿಮ್ಮ ತಲೆಯ ಮೇಲೆ. ಅಲ್ಲಿ ರಿಯಾಯಿತಿ ಎಷ್ಟು ಸಿಕ್ಕಿತು ಎಂಬುದನ್ನು ಈ ಓಡಾಟದ ಜೊತೆ ತೂಗಿ ನೋಡಿ. ಸಣ್ಣ ಮೊತ್ತಕ್ಕೆ ಇದು ಗಿಟ್ಟುವ ವ್ಯವಹಾರವಲ್ಲ.

ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ಕೆಲಸದವರಿಗೆ 2021ರ ಸೆಪ್ಟೆಂಬರ್‌ನಿಂದ ಬಿಎಚ್ (ಭಾರತ್) ಸರಣಿಯ ನಂಬರ್ ಇದೆ, ರಾಜ್ಯ ಬದಲಾದಾಗ ಮರುನೋಂದಣಿ ಬೇಡ. ರಕ್ಷಣಾ ಪಡೆಯವರು, ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮದ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರು ಇದಕ್ಕೆ ಅರ್ಹರು. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವಂಥದ್ದು. 10 ಲಕ್ಷದೊಳಗಿನ ಕಾರಿಗೆ ಶೇ 8, 20 ಲಕ್ಷದವರೆಗೆ ಶೇ 10, ಅದರಾಚೆ ಶೇ 12 ಎಂಬುದು ಪೂರ್ತಿ ಅವಧಿಯ ಆಧಾರ ದರ, ಎರಡು ವರ್ಷಕ್ಕೆ ಅದರ ಪಾಲಷ್ಟೇ; ಡೀಸೆಲ್‌ಗೆ ಶೇ 2 ಹೆಚ್ಚು, ವಿದ್ಯುತ್ತಿಗೆ ಶೇ 2 ಕಡಿಮೆ. ಖಾಸಗಿ ನೌಕರರು ಕಂಪನಿಯಿಂದ ಫಾರಂ 60 ಎಂಬ ಉದ್ಯೋಗ ಪತ್ರ ತರಬೇಕು. ಪ್ಯಾನ್ ಇಲ್ಲದವರು ಆದಾಯ ತೆರಿಗೆಗೆಂದು ತುಂಬುವ ಫಾರಂ 60 ಬೇರೆಯದು, ಅದನ್ನು ಹಿಡಿದುಕೊಂಡು ಹೋಗಬೇಡಿ. ವರ್ಗಾವಣೆಯ ಸಾಧ್ಯತೆ ಇಲ್ಲದವರು ಈಗ ಕಡಿಮೆ ಕಟ್ಟಿದರೆ ಸಾಕಲ್ಲ ಎಂದು ಬಿಎಚ್ ಹಿಡಿದರೆ, ಕಾರು ಮಾರುವಾಗ ಬಿಎಚ್‌ಗೆ ಅರ್ಹರಲ್ಲದವರು ಅದನ್ನು ರಾಜ್ಯದ ನಂಬರಿಗೆ ಬದಲಿಸಿ ತೆರಿಗೆ ಕಟ್ಟಬೇಕಾಗುವುದರಿಂದ ಗಿರಾಕಿ ಹಿಂಜರಿಯುತ್ತಾರೆ.

ಕಾರ್ಡ್ ಬಂದ ಮೇಲೆ

ಅನುಮೋದನೆಯಾದೊಡನೆ ಎಂಪರಿವಾಹನ್ ಎಂಬ ಸರ್ಕಾರಿ ಆ್ಯಪ್ ಮತ್ತು ಡಿಜಿಲಾಕರ್‌ನಲ್ಲಿ ಆರ್‌ಸಿ ಕಾಣುತ್ತದೆ. ಕಾನೂನಿನ ಮಟ್ಟಿಗೆ ಅದು ಕಾರ್ಡಿಗೆ ಸಮ, ಪೊಲೀಸರಿಗೆ ತೋರಿಸಬಹುದು. ಆ್ಯಪ್ ತೆರೆದು ತೋರಿಸಬೇಕೇ ವಿನಾ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಮನೆಗೆ ಬೀಗವಿದ್ದು ಅಂಚೆ ಹಿಂದಿರುಗಿದರೆ ಅದು ಕಚೇರಿಗೆ ಮರಳುತ್ತದೆ, ಗುರುತಿನ ಚೀಟಿ ಹಿಡಿದು ಹೋಗಿ ವಿಚಾರಿಸಬೇಕು. ಕಾರ್ಡಿನಲ್ಲಿರುವ ನೋಂದಣಿಯ ಅವಧಿ 15 ವರ್ಷ. ಆಮೇಲೆ ಫಾರಂ 25ರಲ್ಲಿ ನವೀಕರಣ, ಕಾರು ತಪಾಸಣೆಗೆ ಹೋಗಬೇಕು. ಹೊಗೆ ತಪಾಸಣೆಯ ಪತ್ರ ಮೊದಲ ವರ್ಷ ಬೇಡ. ನೋಂದಣಿಯಾಗಿ ಒಂದು ವರ್ಷ ತುಂಬಿದ ದಿನದಿಂದ ಬೇಕು, ಇದನ್ನು ಮರೆತು ದಂಡ ಕಟ್ಟುವವರು ಹೆಚ್ಚು.

ಹೊಸ ನಂಬರನ್ನು ಇನ್ನೆರಡು ಕಡೆ ತಿಳಿಸಬೇಕು. ವಿಮಾ ಪಾಲಿಸಿಯಲ್ಲಿ ನಂಬರಿನ ಜಾಗದಲ್ಲಿ ‘ಹೊಸತು’ ಎಂದಷ್ಟೇ ಇರುತ್ತದೆ. ಕಂಪನಿಗೆ ಆರ್‌ಸಿ ಪ್ರತಿ ಕಳಿಸಿ ನಂಬರ್ ಸೇರಿಸಿಕೊಂಡ ಹೊಸ ಪ್ರತಿ ಪಡೆಯಿರಿ. ಶೋರೂಮಿನವರು ಕೊಟ್ಟ ಫಾಸ್ಟ್ಯಾಗ್ ಚಾಸಿ ನಂಬರಿನ ಮೇಲೆ ಚಾಲೂ ಆಗಿರುತ್ತದೆ. ಅದಕ್ಕೆ 90 ದಿನದೊಳಗೆ ನೋಂದಣಿ ಸಂಖ್ಯೆ ಸೇರಿಸದಿದ್ದರೆ ತಡೆಪಟ್ಟಿಗೆ ಹೋಗುತ್ತದೆ. ಟೋಲಿನಲ್ಲಿ ಗೇಟು ಏಳದೆ ಹಿಂದಿನವರು ಹಾರನ್ ಬಾರಿಸುವಾಗಲೇ ಅದು ಗೊತ್ತಾಗುವುದು.

ಸಾಲದ ಕಾರಾದರೆ ಇನ್ನೊಂದು ಕೆಲಸ ಐದೋ ಏಳೋ ವರ್ಷದ ನಂತರ ಕಾದಿರುತ್ತದೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುವುದಿಲ್ಲ. ಬ್ಯಾಂಕು ಕೊಡುವ ನಿರಾಕ್ಷೇಪಣಾ ಪತ್ರ ಮತ್ತು ಅವರು ಸಹಿ ಮಾಡಿದ ಫಾರಂ 35 ಜೊತೆಗೆ ಅರ್ಜಿ ಹಾಕಿ ತೆಗೆಸಬೇಕು. ಆ ಪತ್ರಕ್ಕೆ ಸಾಮಾನ್ಯವಾಗಿ 90 ದಿನದ ಅವಧಿ ಇರುತ್ತದೆ. ಬೀರುವಿನಲ್ಲಿಟ್ಟು ಮರೆತರೆ ಬ್ಯಾಂಕಿನಿಂದ ಮತ್ತೆ ಹೊಸದು ತರಬೇಕು.